ಇರಾನಿಯೂ ಒಗ್ಗರಣೆಯೂ

ಚೆನ್ನೈಯಲ್ಲಿ ಜೀವಮಾನವಿಡೀ ಉಡುಪಿ ಹೋಟೆಲು ನಡೆಸಿದವರು ಸ್ವಂತ ಮನೆಯಲ್ಲಿ ಒಗ್ಗರಣೆಯನ್ನೇ ನಿಷೇಧಿಸಿದರೆಂದರೆ ನೀವು ನಂಬುತ್ತೀರಾ? ನಮ್ಮ ಸೋದರಮಾವ ನಿಷೇಧಿಸಿದ್ದರು. ಕಾರಣ, ಗೋಡೆಯ ಮೇಲೆ ಕುಳಿತಿದ್ದ ಒಬ್ಬ ಇರಾನಿ.

ಅದೊಂದು ಪರ್ಷಿಯನ್ ಚಿತ್ರ. ಬಣ್ಣವಿಲ್ಲ, ಬರೀ ಮಸಿಯ ಗೆರೆ. ಮುಂಡಾಸಿನ ಯುವಕನೊಬ್ಬ ಮೊಣಕಾಲು ಮಡಚಿ ಕುಳಿತು ಎತ್ತಲೋ ನೋಡುತ್ತಿದ್ದಾನೆ. ಕೀಲ್ಪಾಕಿನ ಹೋಟೆಲಿಗೆ ದಿನಾ ಇಡ್ಲಿಗೆ ಬರುತ್ತಿದ್ದ ಮುದುಕರೊಬ್ಬರು ಊರು ಬಿಡುವಾಗ ಕೊಟ್ಟುಹೋದದ್ದು. ಗಲ್ಲಾದ ಹಿಂದೆ, ದೇವರ ಪಟದ ಪಕ್ಕದಲ್ಲಿ ಅವನು ವರ್ಷಗಟ್ಟಲೆ ಸಾಂಬಾರಿನ ಹಬೆ ಕುಡಿದಿದ್ದ. ಅವನು ಏನು ನೋಡುತ್ತಿದ್ದಾನೆಂದು ಯಾರಾದರೂ ಕೇಳಿದರೆ ಮಾವ, "ಎರಡನೇ ಕಾಫಿ ಇನ್ನೂ ಬರ್ಲಿಲ್ಲ ಅಂತ" ಎನ್ನುತ್ತಿದ್ದರು.

ಹೋಟೆಲು ಮುಚ್ಚಿದ ಮೇಲೆ ಇರಾನಿ ಬೆಸೆಂಟ್ ನಗರದ ಫ್ಲಾಟಿಗೆ ಬಂದ. ಮಕ್ಕಳಿಲ್ಲದ ಮನೆ, ಮಾವ, ಅತ್ತೆ, ಅವನು. ಒಂದು ದಿನ ಪಕ್ಕದ ಮನೆಯ ನಿವೃತ್ತ ಪ್ರೊಫೆಸರು ಮೂಲೆಯ ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿ, ಅದು ಪರ್ಷಿಯಾದ ಮಹಾ ಕಲಾವಿದನೊಬ್ಬನ ಹೆಸರು, ನಿಜವಾದರೆ ಕೋಟಿ ಬಾಳುತ್ತದೆ ಎಂದುಬಿಟ್ಟರು. ಮುಗಿಯಿತು. ಉಪ್ಪುಗಾಳಿ ತಾಗಬಾರದೆಂದು ಕಿಟಕಿ ಮುಚ್ಚಿದವು. ಹೊಗೆ ಆಗದೆಂದು ಊದುಬತ್ತಿ, ಒಗ್ಗರಣೆ ಎರಡೂ ನಿಂತವು. ಸೀನು ಬಂದವರು ಬಾಲ್ಕನಿಗೆ ಓಡಬೇಕು.

"ಈ ಮೇ ತಿಂಗಳಲ್ಲಿ ಕಿಟಕಿ ಹಾಕಿ ಕೂತಿದ್ದೇವೆ. ನನಗಿಂತ ಅವನೇ ಹೆಚ್ಚಾಯ್ತು ಇವರಿಗೆ" ಎಂದು ಅತ್ತೆ, ನೋಡಲು ಬಂದಿದ್ದ ನನ್ನೆದುರು ಬೆವರು ಒರೆಸಿಕೊಂಡರು.

"ಕೊಂಜ ತಾಳಿಕೋ ಮಾರಾಯ್ತಿ, ಸ್ವಲ್ಪವೇ ದಿನ" ಎಂದರು ಮಾವ, ತಮಿಳು ಬೆರೆಸಿ.

ಕೊನೆಗೆ, ಇಂಥ ಚಿತ್ರಗಳನ್ನೇ ಅಭ್ಯಾಸ ಮಾಡಿದ ಮಹಿಳೆಯೊಬ್ಬರು ಪರೀಕ್ಷಿಸಲು ಬಂದರು. ಮಾವ ಇಸ್ತ್ರಿಯ ಪಂಚೆ ಉಟ್ಟು, ಹೆಣ್ಣು ತೋರಿಸುವ ತಂದೆಯಂತೆ ಪಕ್ಕದಲ್ಲಿ ನಿಂತು, ಹೋಟೆಲಿನ ಗಲ್ಲಾದ ಕಾಲದಿಂದ ಅವನ ಕಥೆ ಹೇಳಿದರು. ಆಕೆ ಬಹಳ ಹೊತ್ತು ನೋಡಿ ಮೆಲ್ಲಗೆ ಹೇಳಿದರು: ಚಿತ್ರ ಚೆನ್ನಾಗಿದೆ, ಆದರೆ ಸಹಿಯ ಮಸಿ ಬೇರೆ. ಯಾರೋ ಆಮೇಲೆ ಸೇರಿಸಿದ್ದಾರೆ. ಇದು ಆ ಮಹಾನುಭಾವನ ಕೈಯಲ್ಲ. ಅವನ ಚಿತ್ರ ನೋಡಿ ಎಷ್ಟೋ ಕಾಲದ ಮೇಲೆ ಇನ್ನೊಬ್ಬರು ಬರೆದದ್ದು.

"ಯಾರು ಅಂತ?" ಮಾವ ಕೇಳಿದರು.

"ಅದು ಗೊತ್ತಾಗೋದಿಲ್ಲ ಸಾರ್. ಸಾಂಬಾರಿನ ಹಬೆ ತಡೆದುಕೊಂಡಿದೆಯಲ್ಲ, ನೀವು ಆರಾಮಾಗಿ ಇಟ್ಟುಕೊಳ್ಳಿ."

ಆಕೆ ಹೋದ ಮೇಲೆ ಮಾವ ಸೋಫಾದಲ್ಲಿ ಕುಳಿತರು. ಅತ್ತೆ ಯಾರನ್ನೂ ಕೇಳದೆ ಕಿಟಕಿಗಳನ್ನೆಲ್ಲ ತೆರೆದು ಅಡುಗೆಮನೆಗೆ ನಡೆದರು. ಸಾಸಿವೆ ಚಟಪಟ ಸಿಡಿಯಿತು. ನಾನು ಮಾವನ ಪಕ್ಕ ಹೋಗಿ ಕುಳಿತೆ.

"ಹೋದ ವರ್ಷ ಹಾರ್ಟ್ ಆಪರೇಷನ್ ಆಯ್ತಲ್ಲ," ಎಂದರು ಮಾವ, ದನಿ ತಗ್ಗಿಸಿ. "ಆವಾಗಿಂದ ಒಂದೇ ಯೋಚನೆ. ನಾನು ಹೋದ್ರೆ ಇವಳಿಗೆ ಯಾರು? ಇವ ನೋಡಿಕೊಳ್ತಾನೆ ಅಂತ ಮಾಡಿದ್ದೆ."

ಅತ್ತೆಗೆ ಕೇಳಿಸಿತ್ತು. ಸೌಟು ಹಿಡಿದೇ ಬಾಗಿಲಿಗೆ ಬಂದರು.

"ಗೋಡೆಯಲ್ಲಿ ಕೂತವ ನನ್ನನ್ನು ಎಂತ ನೋಡಿಕೊಳ್ಳುವುದು ಮಾರಾಯ್ರೇ? ನೀವು ಹೊತ್ತುಹೊತ್ತಿಗೆ ಮಾತ್ರೆ ತಗೊಳ್ಳಿ, ಸಾಕು."

ಮಾವ ದೊಡ್ಡದೊಂದು ಉಸಿರು ಬಿಟ್ಟರು. ಎಷ್ಟು ತಿಂಗಳಿಂದ ಕಟ್ಟಿಟ್ಟಿದ್ದರೋ!

ಆ ಸಂಜೆ ಇಬ್ಬರೂ ಬೀಚಿಗೆ ಹೊರಟರು. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ರಸ್ತೆ ದಾಟಲೆಂದು ಮಾವ ಅತ್ತೆಯ ಕೈ ಹಿಡಿದರು. ದಾಟಿದ ಮೇಲೂ ಬಿಡಲಿಲ್ಲ.