ಕೊಳಲಿನವರ ಉಸಿರು

ತೂಕ ಐವತ್ತೊಂದು ಕಿಲೋ. ಎತ್ತರ ಐದಡಿಗೆ ಎರಡಂಗುಲ ಕಡಿಮೆ. ಮಗ್ಗುಲು ಬದಲಿಸದ ಜಾತಿ. ನಾಲ್ಕಂಗುಲದ ಹತ್ತಿ ಹಾಸಿಗೆ ಧಾರಾಳ. ಹಾಸಿಗೆ ಸಾಹುಕಾರರು ತಮ್ಮ ಹೆಂಡತಿಯನ್ನು ಅಳೆದಿಟ್ಟುಕೊಂಡದ್ದು ಹೀಗೆ. ಅಂಗಡಿಗೆ ಕಾಲಿಟ್ಟವರನ್ನೆಲ್ಲ ಅವರು ಕಣ್ಣಲ್ಲೇ ತೂಗುತ್ತಿದ್ದರು, ಎಂದೂ ತಪ್ಪಿದ್ದಿಲ್ಲ. (ಮನೆಯಲ್ಲಿ ತಪ್ಪಿದ್ದನ್ನು ಯಾರು ಕೇಳುತ್ತಾರೆ?)

ಆದರೆ ಅವರ ತಾಯಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ಅಂದಿನಿಂದ ಹೆಂಡತಿ ರೆಪ್ಪೆಗೆ ರೆಪ್ಪೆ ಹಚ್ಚಿರಲಿಲ್ಲ. ಹತ್ತಿ, ನಾರು, ಸ್ಪ್ರಿಂಗು ಎಂದು ಅಂಗಡಿಯ ಸರಕನ್ನೆಲ್ಲ ತಂದು ಹಾಸಿದ್ದಾಯಿತು. ಊರಿಗೆಲ್ಲ ನಿದ್ದೆ ಮಾರುವವರ ಹೆಂಡತಿ ಒಲೆಯ ಮುಂದೆ ತೂಕಡಿಸಿ ಕೈ ಸುಟ್ಟುಕೊಂಡಳು. "ಹೀಗೇ ಹೋದ್ರೆ ಮನುಷ್ಯ ಉಳಿಯಲ್ಲ" ಎಂದರು ವೈದ್ಯರು. ಕೊಳಲು, ಮಂತ್ರಗಳಿಂದಲೇ ವಾಸಿ ಮಾಡುವವರಿದ್ದಾರೆ ಎಂದ ಒಬ್ಬ ಗಿರಾಕಿ.

ಭಾನುವಾರ ಮಧ್ಯಾಹ್ನ ಇಬ್ಬರು ಬಂದರು. ಮಂತ್ರದವರು ಸಣಕಲು. ಕೊಳಲಿನವರು ನೂರಾ ಹತ್ತು ಕಿಲೋಗೆ ಮೋಸವಿಲ್ಲ; ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.

"ರೀ, ನಂಗೇನೂ ಆಗಿಲ್ಲ. ಇವೆಲ್ಲ ಯಾಕೆ?"

"ಸುಮ್ನೆ ಮಲ್ಕೋ. ಮಲಗೋಕೂ ನಿನ್ನ ಹತ್ರ ಚೌಕಾಸಿ ಮಾಡ್ಬೇಕಾ?"

"ಹಾಗಾದ್ರೆ ನೀವೂ ಮಲ್ಕೊಳ್ಳಿ."

"ನಂಗೆ ಕೊಳಲು ಯಾಕೆ? ಗೋಡೆಗೆ ಒರಗಿದ್ರೂ ನಿದ್ದೆ ಬರುತ್ತೆ."

"ಅದು ನಂಗೊತ್ತು" ಎಂದು ಅವಳು ಕಣ್ಣು ಮುಚ್ಚಿದಳು.

ಮಂತ್ರ ಶುರುವಾಯಿತು. (ಯಾವ ಭಾಷೆಯೋ ತಿಳಿಯದು; ಹಾಗಾಗಿ ತಪ್ಪು ಹುಡುಕುವಂತಿರಲಿಲ್ಲ.) ಅದರ ಮೇಲೆ ಕೊಳಲು ಮೆಲ್ಲಗೆ ಹಾಸಿಕೊಂಡಿತು. ಅವಳ ಮುಖದ ಬಿಗಿ ಸಡಿಲವಾಯಿತು. ವ್ಯಾಪಾರ ಕುದುರಿತು ಎಂದುಕೊಂಡರು ಸಾಹುಕಾರರು. ಅಷ್ಟರಲ್ಲಿ ಸ್ವರ ಮುಗಿಯಿತು, ಕೊಳಲಿನವರು ಮುಂದಿನದಕ್ಕೆ ಉಸಿರೆಳೆದರು. ಗಂಟಲಲ್ಲಿ ಸಣ್ಣಗೆ ಸಿಳ್ಳೆ ಹಾಕಿದಂಥ ಸದ್ದಾಯಿತು.

ಅವಳು ಅರೆಗಣ್ಣಲ್ಲೇ ಎದ್ದಳು. ದಿಂಬನ್ನು ಒಯ್ದು ಕೊಳಲಿನವರ ಬೆನ್ನಿಗೆ ಕೊಟ್ಟಳು. ಒಳಗಿನಿಂದ ಬಿಸಿನೀರಿನ ಲೋಟ ತಂದು ಅವರ ಬಾಯಿಗೆ ಹಿಡಿದಳು.

"ಸ್ವಲ್ಪ ಸ್ವಲ್ಪ ಕುಡೀರಿ ಅತ್ತೆ. ಇನ್ನೇನು ಬೆಳಗಾಗುತ್ತೆ."

ಗಂಟೆ ಮಧ್ಯಾಹ್ನ ಮೂರು. ಪೊದೆ ಮೀಸೆಯ ಅತ್ತೆ ಮರುಮಾತಿಲ್ಲದೆ ಕುಡಿದರು. ನಗಲು ಹೊರಟಿದ್ದ ಸಾಹುಕಾರರು ಹೆಂಡತಿಯ ಕಡೆ ತಿರುಗಿದರು.

"ಅಮ್ಮಂಗೆ ದಿನಾ ಹೀಗೇ ಆಗ್ತಿತ್ತಾ?"

ಪೂರ್ತಿ ಎಚ್ಚರವಾದ ಅವಳು ನಾಚಿ ಲೋಟ ಕೆಳಗಿಟ್ಟಳು. "ಎರಡು ವರ್ಷ. ಉಸಿರು ಸಿಕ್ಕಿಕೊಂಡಾಗೆಲ್ಲ ಎತ್ತಿ ಕೂರಿಸ್ಬೇಕಿತ್ತು."

"ಬೆಳಿಗ್ಗೆ ಕೇಳಿದ್ರೆ ಚೆನ್ನಾಗಿ ಮಲಗಿದ್ರು ಅಂತಿದ್ದೆಯಲ್ಲೇ."

"ಅತ್ತೆನೇ ಹಾಗೆ ಹೇಳು ಅಂದಿದ್ರು. ಮಗ ದಣಿದು ಬಂದಿರ್ತಾನೆ, ಎಬ್ಬಿಸಬೇಡ ಅಂತ."

"ಪಕ್ಕದ ಕೋಣೇಲೇ ಇದ್ದೆ. ನಂಗೆ ಕೇಳಿಸಲೇ ಇಲ್ವಲ್ಲ."

"ನಿಮ್ಮ ಗೊರಕೇಲಿ ರೈಲು ಹೋದ್ರೂ ಕೇಳಿಸಲ್ಲ ಬಿಡಿ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. "ಒಂದೇ ಒಂದು ರಾತ್ರಿ ನಂಗೆ ಕಣ್ಣು ಹತ್ತಿಬಿಡ್ತು ಕಣ್ರೀ. ಎದ್ದು ನೋಡಿದ್ರೆ ಅತ್ತೆ ಇರ್ಲಿಲ್ಲ."

ಮಂತ್ರದವರು ಚಾವಣಿ ನೋಡುತ್ತಾ ಕೂತರು. ಸಾಹುಕಾರರು ಲೋಟ ಹಿಡಿದು ಕೊಳಲಿನವರ ಪಕ್ಕ ನೆಲದ ಮೇಲೆ ಕೂತರು.

"ಮಲ್ಕೋ. ಇವರ ಉಸಿರು ನಾನು ಕೇಳಿಸ್ಕೋತಾ ಇರ್ತೀನಿ."

"ನೀವು ನಿದ್ದೆ ಹೋಗಲ್ಲ ತಾನೇ?"

"ಹೋದ್ರೆ ಇವರು ಕೊಳಲಲ್ಲೇ ತಲೆಗೆ ಕೊಡ್ಲಿ."

ಕೊಳಲಿನವರು ಗಂಭೀರವಾಗಿ ಒಪ್ಪಿ ತಲೆಯಾಡಿಸಿದರು. ಹತ್ತೇ ನಿಮಿಷಕ್ಕೆ ಅವಳು ಬಾಯಿ ತೆರೆದು, ಕೈಕಾಲು ಚೆಲ್ಲಿ ಮಲಗಿದ್ದಳು. ಕೊಳಲು ನಿಂತರೆ ಅವಳ ಹುಬ್ಬು ಗಂಟಿಕ್ಕುತ್ತಿತ್ತು. ಸಾಹುಕಾರರು ಕೈ ಮುಗಿಯುತ್ತಿದ್ದರು. ಪಾಪ, ಆ ಮನುಷ್ಯ ಮತ್ತೆ ಊದುತ್ತಿದ್ದರು. ಅವರ ಪ್ರತಿ ಉಸಿರಿಗೂ ಸಾಹುಕಾರರು ಲೋಟ ಮುಂದೆ ಹಿಡಿಯುತ್ತಿದ್ದರು. ಒಂದು ಮಧ್ಯಾಹ್ನಕ್ಕೇ ಅವರು ಹಣ್ಣಾಗಿಹೋದರು.

ಮಗ ಕೂರಬೇಕಾದ ಜಾಗದಲ್ಲಿ ಎರಡು ವರ್ಷ ಅವಳು ಕೂತಿದ್ದಳು. ಅಷ್ಟೂ ರಾತ್ರಿಗಳ ನಿದ್ದೆಯನ್ನು ಸಾಹುಕಾರರು ಅವಳಿಗೆ ಕೊಡಬೇಕು.