ಬೀಳದ ಲೋಟ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಗಾಜಿನ ಲೋಟ. ಅದೂ ನಿಜವಾದ ಲೋಟವಲ್ಲ, ಪರದೆಯ ಮೇಲಿನ ಲೋಟ.

ಅದನ್ನು ಹುಟ್ಟಿಸಿದ ಪುಣ್ಯಾತ್ಮನನ್ನು ಆಫೀಸಿನಲ್ಲಿ ಎಲ್ಲರೂ ಕಣ್ಣುಕಿವಿ ಅಂತಲೇ ಕರೆಯುತ್ತಿದ್ದರು. ಬಾಯಿ ತೆರೆದರೆ ಸಾಕು, ಮನುಷ್ಯನ ಕಣ್ಣು ಏನನ್ನು ಗಮನಿಸುತ್ತೆ, ಕಿವಿ ಏನನ್ನು ಬಿಟ್ಟುಬಿಡುತ್ತೆ ಅನ್ನುವುದೇ ಅವನ ಮಾತು. ಅವನ ಜೊತೆ ಊಟಕ್ಕೆ ಕೂರಲು ಜನ ಹೆದರುತ್ತಿದ್ದರು. ಕಾಯುವವರಿಗೆ ಹೊತ್ತು ಹೋದದ್ದೇ ತಿಳಿಯದ ಹಾಗೆ ಚಿತ್ರವನ್ನೂ ಶಬ್ದವನ್ನೂ ಹದವಾಗಿ ಬೆರೆಸಿ ಒಂದು ಪರದೆ ತಯಾರಿಸಿದ್ದ. ಇದಕ್ಕೆ ಮುಂಚೆ ತಯಾರಿಸಿದ್ದ ಎರಡು ಯಂತ್ರಗಳು ಗುಜರಿ ಸೇರಿದ್ದವು.

"ಸಂಜೆಯೊಳಗೆ ಪರದೆ ತಗೋತೀನಿ ಅಂತ ಹಲ್ಲಿನ ಡಾಕ್ಟ್ರ ಸಹಿ ತಂದ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ವೈರ್ ಎಳೆಯೋರ ಜೊತೆ ಏಣಿ ಹತ್ತು," ಅಂದಿದ್ದರು ಆಫೀಸಿನ ಮೇಡಂ. ಅವನಿಗೋ ಏಣಿಯ ಎರಡನೇ ಮೆಟ್ಟಿಲಿಗೇ ತಲೆ ಸುತ್ತುತ್ತಿತ್ತು.

ಡಾಕ್ಟರ ಷರತ್ತು ಸರಳವಾಗಿತ್ತು. ಕೌಂಟರಿನ ಮೇಲಿನ ದೂರಿನ ಪುಸ್ತಕದಲ್ಲಿ ದಿನಾ ಹತ್ತು ಜನ ಕಾಯಿಸಿದ್ದಕ್ಕೆ ಉಗಿದು ಬರೆಯುತ್ತಿದ್ದರು. ಇವತ್ತು ಪುಟ ಖಾಲಿ ಉಳಿದರೆ ಸಹಿ.

ಹತ್ತು ಗಂಟೆಗೆ ಡಾಕ್ಟರ ಕ್ಲಿನಿಕ್ಕಿನ ಗೋಡೆಗೆ ಪರದೆ ನೇತುಹಾಕಿ ಗುಂಡಿ ಒತ್ತಿದ. ಮೇಜಿನ ಅಂಚಿನ ಕಡೆಗೆ ಗಾಜಿನ ಲೋಟವೊಂದು ಕಂಡೂ ಕಾಣದ ಹಾಗೆ ಜಾರುತ್ತಾ ಬರುತ್ತದೆ. ಅರ್ಧ ತಳ ಆಚೆ ಬಂತು, ಇನ್ನೇನು ಬಿತ್ತು ಅನ್ನುವಷ್ಟರಲ್ಲಿ ಬೆಕ್ಕಿನ ಬಾಲ ತಾಗಿ ಒಳಕ್ಕೆ ಸರಿಯುತ್ತದೆ. ಮತ್ತೆ ಜಾರುತ್ತದೆ. ಟೋಕನ್ ನಂಬರು ಮೂಲೆಯಲ್ಲಿ ತಿಳಿನೀಲಿಯಾಗಿ ಮೂಡುತ್ತದೆ. ಹಲ್ಲುನೋವಿನವರು ಬೆಚ್ಚಿಬೀಳಬಾರದೆಂದು ಗಂಟೆಯ ಸದ್ದನ್ನೂ ಮೆತ್ತಗೆ ಇಟ್ಟಿದ್ದ.

ಇಪ್ಪತ್ಮೂರು ಜನ ಬಂದು ಕೂತರು. ಹತ್ತೇ ನಿಮಿಷದಲ್ಲಿ ಒಬ್ಬರ ಉಸಿರೂ ಕೇಳಿಸದಾಯಿತು. ಕಣ್ಣುಕಿವಿ ಒಳಗೊಳಗೇ ಹಿಗ್ಗಿದ.

ಒಂದನೇ ನಂಬರು ಮೂಡಿತು, ಗಂಟೆಯೂ ಸದ್ದು ಮಾಡಿತು. ಯಾರೂ ಏಳಲಿಲ್ಲ.

"ನಂಬರ್ ಒಂದು ಯಾರ್ರೀ?" ಕೌಂಟರಿನ ಅಮ್ಮ ಕೂಗಿದರು.

"ಸ್ವಲ್ಪ ಸುಮ್ನಿರಮ್ಮ," ಮುಂದಿನ ಸಾಲಿನ ನಿವೃತ್ತ ಮೇಷ್ಟ್ರು ತಿರುಗಿಯೂ ನೋಡದೆ ಗದರಿದರು. "ಇನ್ನೇನು ಬೀಳತ್ತೆ."

ಒಂದನೇ ಟೋಕನ್ ಇದ್ದದ್ದು ಕೆನ್ನೆ ಊದಿದ ಒಬ್ಬ ಹೆಂಗಸಿನ ಕೈಯಲ್ಲಿ. ಕಣ್ಣುಕಿವಿ ಬಗ್ಗಿ ಮೆಲ್ಲಗೆ ಹೇಳಿದ, "ಅಕ್ಕಾ, ನಿಮ್ದೇ ಸರದಿ. ನೋವು ಜಾಸ್ತಿ ಇರ್ಬೇಕಲ್ಲ?"

"ನೋವಾ? ಬೆಳಿಗ್ಗೆ ಇತ್ತಪ್ಪ. ಅಡ್ಡ ನಿಂತ್ಕೋಬೇಡ, ಆ ಕಡೆ ಸರಿ."

ಆಗ ಅವನಿಗೆ ತಪ್ಪು ಹೊಳೆಯಿತು. ಪ್ರಯೋಗಾಲಯದಲ್ಲಿ ಕಣ್ಣಿಗೆ ಬೇರೆ ಪರೀಕ್ಷೆ ಮಾಡಿದ್ದ, ಕಿವಿಗೆ ಬೇರೆ ಪರೀಕ್ಷೆ ಮಾಡಿದ್ದ. ಎರಡೂ ಒಂದೇ ತಲೆಗೆ ಅಂಟಿಕೊಂಡಿವೆ, ಕಣ್ಣು ಒಂದು ಕಡೆ ನೆಟ್ಟರೆ ಕಿವಿ ಬಾಗಿಲು ಹಾಕಿಕೊಳ್ಳುತ್ತದೆ ಅನ್ನುವುದನ್ನು ಮಹಾಶಯ ಮರೆತೇಬಿಟ್ಟಿದ್ದ.

ಗಂಟೆ ಜೋರು ಮಾಡಿದ. ಲೋಟ ಬೀಳುವ ಸೂಚನೆಯಿರಬೇಕು ಅಂದುಕೊಂಡು ಜನ ಕುರ್ಚಿಯ ತುದಿಗೆ ಬಂದರು. ನಂಬರನ್ನು ಕೆಂಪಗೆ, ದೊಡ್ಡದಾಗಿ ಮಾಡಿದ. "ಯಾರ್ರೀ ಅದು, ಲೋಟಕ್ಕೆ ಅಡ್ಡ ಏನೋ ಹಾಕಿದ್ದು?" ಅಂತ ಬೈಸಿಕೊಂಡ. ಕೊನೆಗೆ ಎದೆ ಗಟ್ಟಿಮಾಡಿಕೊಂಡು ಲೋಟವನ್ನು ಬೀಳಿಸಿಯೇ ಬಿಟ್ಟ. ಫಳಾರೆಂದು ಒಡೆಯಿತು.

"ಛೆ, ನಾನು ಸೀನ್ತಾ ಇದ್ದೆ. ಇನ್ನೊಂದ್ಸಲ ಹಾಕಪ್ಪ," ಅಂದರು ಮೇಷ್ಟ್ರು. ಪಾಪ, ಮೇಷ್ಟ್ರು ನೋಡಲಿ ಅಂತ ಕೂತಿದ್ದವರೆಲ್ಲ ಒತ್ತಾಯ ಮಾಡಿದರು.

ತಾಳ್ಮೆಗೆಟ್ಟು ಪ್ಲಗ್ ಕಿತ್ತ. ಇಪ್ಪತ್ಮೂರು ಕೈಗಳು ಒಮ್ಮೆಲೇ ಕೆನ್ನೆಗೆ ಹೋದವು.

"ಅಯ್ಯಯ್ಯೋ, ಹನ್ನೆರಡು ಗಂಟೆ! ಬೆಳಿಗ್ಗೆಯಿಂದ ಕೂರಿಸಿದ್ದಾರಲ್ರೀ," ಅಂತ ಮೇಷ್ಟ್ರು ಜೇಬಿಂದ ಪೆನ್ನು ತೆಗೆದು ದೂರಿನ ಪುಸ್ತಕದ ಕಡೆ ನಡೆದೇಬಿಟ್ಟರು. ಅವರು ಪುಟ ಮುಟ್ಟುವ ಮುಂಚೆ ಕಣ್ಣುಕಿವಿ ಓಡಿಹೋಗಿ ಪ್ಲಗ್ ಸಿಕ್ಕಿಸಿದ. ಮೇಷ್ಟ್ರು ತೆರೆದ ಪೆನ್ನು ಹಿಡಿದುಕೊಂಡೇ ವಾಪಸು ಕೂತರು.

ಆರಿಸಿದರೆ ದೂರು, ಹಚ್ಚಿದರೆ ಒಳಗೆ ಹೋಗುವವರೇ ಇಲ್ಲ. ಅತ್ತ ದರಿ ಇತ್ತ ಪುಲಿ ಎಂಬಂತಾಗಿ ಮೂರು ಗಂಟೆಯವರೆಗೂ ಪ್ಲಗ್ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ.

ಬೆಳಿಗ್ಗೆಯಿಂದ ನೊಣ ಹೊಡೆದು ಸಾಕಾಗಿದ್ದ ಡಾಕ್ಟರು ಧುಮುಗುಡುತ್ತಾ ಹೊರಗೆ ಬಂದರು. "ಏನಯ್ಯಾ ಇದು? ಒಬ್ರೂ..." ಅಂದವರ ಕಣ್ಣು ಪರದೆಗೆ ಬಿತ್ತು. ಅರ್ಧ ಗಂಟೆ ಹಾಗೇ ನಿಂತರು.

ಕೌಂಟರಿನ ಅಮ್ಮ ತೋಳು ಹಿಡಿದು ಅಲುಗಾಡಿಸಿದ ಮೇಲೆ ಡಾಕ್ಟರಿಗೆ ಎಚ್ಚರವಾಯಿತು. ಬೈಯುವ ಬದಲು ಅವರು ಕಣ್ಣರಳಿಸಿ ಕೇಳಿದರು, "ಇಷ್ಟು ಜನಕ್ಕೆ ನೋವೇ ಮರೆತುಹೋಗಿದ್ಯಾ?"

"ಪೂರ್ತಿ, ಸಾರ್," ಅಂದ ಕಣ್ಣುಕಿವಿ, ಹೋದ ಜೀವ ಬಂದ ಹಾಗಾಗಿ.

"ಹಾಗಾದ್ರೆ ಇದು ಇಲ್ಲಿರೋ ವಸ್ತುನೇ ಅಲ್ಲ. ನನ್ನ ಕುರ್ಚಿ ಎದುರಿಗೆ ಇರ್ಬೇಕು. ಎತ್ಕೊಂಡು ಬಾ ಒಳಗೆ. ಮೊದಲು ನಿನ್ನ ಮೇಲೇ ನೋಡೋಣ, ಕೂತ್ಕೊ."

ಪರದೆ ಒಳಗೆ ಹೋಯಿತು, ಹೊರಗೆ ಗಲಾಟೆ ಶುರುವಾಯಿತು. ಡಾಕ್ಟರು ಅವನ ಬಾಯಿ ಅಗಲಿಸಿ ಬಲಗಡೆ ಕೆಳಗೆ ಹುಳುಕು ಹಲ್ಲೊಂದನ್ನು ಪತ್ತೆ ಮಾಡಿ ಖುಷಿಪಟ್ಟರು. ಪಕ್ಕದ ತಟ್ಟೆಯಲ್ಲಿ ಸಹಿ ಹಾಕಬೇಕಾದ ಕಾಗದ, ಪೆನ್ನು, ಇಕ್ಕಳ ಮೂರೂ ಇದ್ದವು.

"ಇಂಜೆಕ್ಷನ್ ಸಾರ್?"

"ಅದ್ಯಾಕೆ? ಪೂರ್ತಿ ಮರೆತುಹೋಗತ್ತೆ ಅಂದ್ಯಲ್ಲ."

ಇಲ್ಲ ಅನ್ನುವ ಹಾಗಿಲ್ಲ, ಅಂದರೆ ಏಣಿ. ಲೋಟವನ್ನೇ ದುರುಗುಟ್ಟಿ ನೋಡಿದ. ಏನೂ ಪ್ರಯೋಜನವಾಗಲಿಲ್ಲ. ಆ ಲೋಟ ಎಲ್ಲಿ ಬಂದು ನಿಲ್ಲುತ್ತದೆ, ಬಾಲ ಯಾವಾಗ ಬರುತ್ತದೆ ಅನ್ನುವುದು ಗೊತ್ತಿದ್ದವನು ಜಗತ್ತಿನಲ್ಲಿ ಅವನೊಬ್ಬನೇ. ಗಾಬರಿಯಲ್ಲಿ ಕಣ್ಣು ಹೊರಳಿಸಿ ಡಾಕ್ಟರ ಮುಖ ನೋಡಿದ. ಇಕ್ಕಳ ಅವನ ಬಾಯಲ್ಲಿತ್ತು. ಡಾಕ್ಟರ ಕಣ್ಣು ಲೋಟದ ಮೇಲಿತ್ತು.

"ಆಂ... ಆಂ..." ಅಂದ.

"ಶ್, ಇನ್ನೇನು ಬೀಳತ್ತೆ," ಅನ್ನುತ್ತಾ ಡಾಕ್ಟರು ಉದ್ವೇಗದಲ್ಲಿ ಕೈ ಬಿಗಿಹಿಡಿದು ಎಳೆದೇಬಿಟ್ಟರು.

ಹೊರಗೆ ಬಂದದ್ದು ಹಾಲಿನಷ್ಟು ಬೆಳ್ಳಗಿನ ಹಲ್ಲು. ಎಡಗಡೆ, ಮೇಲಿನದು.

ಡಾಕ್ಟರು ಅದನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ, ಕಾಗದವನ್ನು ನಾಲ್ಕು ಚೂರು ಮಾಡಿದರು. "ತಪ್ಪು ತಿಳ್ಕೋಬೇಡಪ್ಪ. ಇದು ಇರೋ ಕೋಣೆಯಲ್ಲಿ ನಾನು ಕೆಲಸ ಮಾಡಿದ್ರೆ ಯಾರ ಬಾಯಲ್ಲೂ ಹಲ್ಲು ಉಳಿಯಲ್ಲ."

ಆರಿಸಿದ ಪರದೆಯನ್ನು ಕಂಕುಳಲ್ಲಿಟ್ಟು, ಬಾಯಿಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದರೆ ಜನ ದೂರಿನ ಪುಸ್ತಕಕ್ಕೆ ಮುಗಿಬಿದ್ದು ಬರೆಯುತ್ತಿದ್ದರು. ಕೌಂಟರಿನ ಅಮ್ಮ ಮಾತ್ರ ಅವನನ್ನು ನೋಡಿ ಮರುಗಿದರು. "ಹುಳುಕು ಹಲ್ಲು ಹಾಗೇ ಇದ್ಯಂತಲ್ಲ. ಇವತ್ತೇ ತೆಗೆಸಿಕೊಂಡು ಹೋಗಿಬಿಡಿ," ಅಂತ ಅವನ ಕೈಗೆ ಟೋಕನ್ ಇಟ್ಟರು. ಇಪ್ಪತ್ನಾಲ್ಕು.

ಹಿಂದಿನ ಸಾಲಿನಲ್ಲಿ ಹೋಗಿ ಕೂತ. ಎದುರಿನ ಗೋಡೆಯಲ್ಲಿ ನೋಡಲು ಗಡಿಯಾರ ಬಿಟ್ಟರೆ ಇನ್ನೇನೂ ಇರಲಿಲ್ಲ.