ಹೊಸ ಡಬ್ಬಿಯೊಳಗಿನ ಹಳೇ ಲಾರಿ

ಪ್ಲಾಸ್ಟಿಕ್ಕಿನ ಪುಟ್ಟ ಕಾರು, ಲಾರಿಗಳ ಬಿಡಿಭಾಗಗಳನ್ನು ತರಿಸಿ, ಅಂಟಿಸಿ, ಬಣ್ಣ ಹಚ್ಚಿ ನಿಲ್ಲಿಸುವುದು ನನ್ನ ಹವ್ಯಾಸ ಎಂದು ಹೇಳಿದರೆ, ಮನೆಗೆ ಬಂದವರು ನನ್ನ ಮುಖ ನೋಡುವುದಿಲ್ಲ; ನನ್ನ ಹೆಂಡತಿ ಲತಾಳ ಮುಖ ನೋಡುತ್ತಾರೆ. ಅವರ ಕಣ್ಣಲ್ಲಿ ಸಂತಾಪವಿರುತ್ತದೆ. ಗಂಡ ನಲವತ್ತರ ಮೇಲೆ ಸಂಗೀತ ಕಲಿಯಲು ಹೊರಟರೂ ಹೆಂಡತಿಗೆ ಒಂದು ಸಮಾಧಾನ ಇರುತ್ತದೆ, ಆ ಕಷ್ಟದಲ್ಲಿ ಅಕ್ಕಪಕ್ಕದ ಮನೆಯವರೂ ಪಾಲು ತೆಗೆದುಕೊಳ್ಳುತ್ತಾರೆ. ನನ್ನದು ಸದ್ದಿಲ್ಲದ ಚಟ. ಊಟದ ಮೇಜಿನ ಅರ್ಧ ಭಾಗವನ್ನು ಆಕ್ರಮಿಸಿಕೊಂಡಿತ್ತು, ಮನೆಗೆಲ್ಲ ಅಂಟಿನ ವಾಸನೆ ಹಬ್ಬಿಸಿತ್ತು, ಒಮ್ಮೆ ನನ್ನ ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿಬಿಟ್ಟಿತ್ತು. ಆವತ್ತು ನಾನು ಕೆಲಸ ಮಾಡುವ ವಿಮಾ ಕಚೇರಿಯಲ್ಲಿ ಸಂಜೆಯವರೆಗೂ ಎಲ್ಲರಿಗೂ ‘ಬಹಳ ಚೆನ್ನಾಗಿದೆ’ ಎಂಬಂತೆ ಕೈ ತೋರಿಸಿಕೊಂಡು ಓಡಾಡಿದ್ದೆ.

ಈ ಲೋಕದ ಪರಿಚಯವಿಲ್ಲದವರಿಗೆ ಎರಡು ಮಾತು ಹೇಳಬೇಕು. ಅಂಗಡಿಯಲ್ಲಿ ಸಿಗುವುದು ಒಂದು ಚಪ್ಪಟೆ ಡಬ್ಬಿ; ಕಿಟ್ಟು ಎನ್ನುವುದು ಇದಕ್ಕೇ. ಮುಚ್ಚಳದ ಮೇಲೆ ಘಾಟಿ ಹತ್ತುತ್ತಿರುವ ಲಾರಿಯ ಸೊಗಸಾದ ಚಿತ್ರ. ಒಳಗೆ ಮಾತ್ರ ಲಾರಿ ಇರುವುದಿಲ್ಲ. ಕರಿಬೇವಿನ ಕಡ್ಡಿಗೆ ಎಲೆ ಅಂಟಿಕೊಂಡಿರುವ ಹಾಗೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ನೂರಾರು ಚೂರುಗಳು ಇರುತ್ತವೆ. ಅವನ್ನು ಬಿಡಿಸಿ, ಉಜ್ಜಿ, ಅಂಟಿಸುತ್ತ ಹೋದರೆ ಕೊನೆಗೆ ಮುಚ್ಚಳದ ಮೇಲಿನ ಲಾರಿಯೇ ಆಗುತ್ತದೆ ಎಂದು ಪುಸ್ತಿಕೆಯಲ್ಲಿ ಬರೆದಿರುತ್ತಾರೆ. ನನ್ನ ಮೊದಲ ಕಾರಿಗೆ ನಾಲ್ಕು ಚಕ್ರಗಳಿದ್ದವು, ನೆಲ ಮುಟ್ಟುತ್ತಿದ್ದದ್ದು ಮೂರೇ. ಕೆಟ್ಟು ನಿಂತ ಗಾಡಿಯಂತೆ ಕಾಣಲಿ ಎಂದು ಲತಾ ಶೋಕೇಸಿನಲ್ಲಿ ಅದರ ಹಿಂದೆ ಒಂದು ಸಣ್ಣ ಕಲ್ಲು ಇಟ್ಟಿದ್ದಳು.

ಇಂಥ ಚಟದವರಲ್ಲೂ ಎರಡು ಪಕ್ಷಗಳಿವೆ. ಈ ಚೂರುಗಳನ್ನು ಎರಕ ಹೊಯ್ಯುವುದು ಉಕ್ಕಿನ ಅಚ್ಚಿನಲ್ಲಿ. ಅಂಥ ಅಚ್ಚು ಕೊರೆಯುವುದು ವರ್ಷಗಟ್ಟಲೆಯ ಕೆಲಸ. ಹಾಗಾಗಿ ಕಂಪನಿಗಳು ಹಳೆಯ ಅಚ್ಚನ್ನು ಎಸೆಯುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಗೋದಾಮಿನಲ್ಲಿ ಮಲಗಿಸಿ, ಒಂದು ದಿನ ಎಬ್ಬಿಸಿ, ಎಣ್ಣೆ ಒರೆಸಿ, ಮತ್ತೆ ಚೂರು ಹೊಯ್ದು, ಹೊಸ ಚಿತ್ರದ ಡಬ್ಬಿಯಲ್ಲಿ ಹಾಕಿ ಮಾರುತ್ತಾರೆ. ಅದು ಮರುಬಿಡುಗಡೆ. ಇನ್ನು ಕೆಲವು ನಿಜವಾಗಿಯೂ ಹೊಸದಾಗಿ ಕೊರೆದ ಅಚ್ಚಿನವು. ನಾನು ಹೊಸ ಅಚ್ಚಿನ ಪಕ್ಷದ ಕಟ್ಟಾ ಅನುಯಾಯಿ. ಒಂದೇ ಒಂದು ಹೊಸ ಅಚ್ಚಿನ ಕಿಟ್ಟನ್ನೂ ಕಣ್ಣಾರೆ ಕಂಡಿರಲಿಲ್ಲವಾದ್ದರಿಂದ ನನ್ನ ನಿಷ್ಠೆ ಅಚಲವಾಗಿತ್ತು. ಇದನ್ನೆಲ್ಲ ಒಂದು ಭಾನುವಾರ ಉಪ್ಪಿನ ಡಬ್ಬಿ, ಚಮಚಗಳನ್ನು ಮುಂದಿಟ್ಟುಕೊಂಡು ಲತಾಗೆ ಅರ್ಧ ಗಂಟೆ ವಿವರಿಸಿದೆ. ಅವಳು ಬೀನ್ಸ್ ಮುರಿಯುತ್ತಲೇ, “ಚಕ್ಕುಲಿ ಬಿಲ್ಲೆ ಸವೆದುಹೋದ್ರೆ ಮುಳ್ಳು ಬರಲ್ಲ, ಅಷ್ಟೇ ತಾನೇ?” ಎಂದಳು. ಅಷ್ಟೇ ಆಗಿತ್ತು.

ಇದೆಲ್ಲ ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾವು ಬನಶಂಕರಿ ಎರಡನೇ ಹಂತದಲ್ಲಿ ಒಂದು ಮಹಡಿ ಮನೆಯಲ್ಲಿದ್ದೆವು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡುಗಳ ಒಂದು ಅಂಗಡಿಯಿತ್ತು. ಅದರ ಮೇಲಿನ ಗೂಡಿನಲ್ಲಿ ನನ್ನಂಥವರಿಗಾಗಿ ನಾಲ್ಕಾರು ಕಿಟ್ಟುಗಳು ಧೂಳು ತಿನ್ನುತ್ತಿದ್ದವು. ಹೊಸ ಅಚ್ಚಿನ ಲಾರಿಯೇ ಬೇಕು ಎಂದು ಅಂಗಡಿಯವರಿಗೆ ಹೇಳಿ ಒಂದು ವರ್ಷ ಕಾದೆ. ಕೊನೆಗೆ ಡಬ್ಬಿ ಬಂತು. ಅದರ ಮೂಲೆಯಲ್ಲಿ ಕೆಂಪು ಅಕ್ಷರದಲ್ಲಿ ‘ನ್ಯೂ’ ಎಂದು ಮುದ್ರಿಸಿತ್ತು. ನಾನು ಅದನ್ನು ಬಸ್ಸಿನಲ್ಲಿ ಕೂಸನ್ನು ತರುವಂತೆ ತೊಡೆಯ ಮೇಲಿಟ್ಟುಕೊಂಡು ತಂದೆ.

ಆ ಹೊತ್ತಿಗೆ ನಮ್ಮ ಮನೆಯಲ್ಲಿ ನನ್ನ ಮಾವ ಇದ್ದರು. ಅವರ ಮನೆ ಇಟ್ಟಮಡುವಿನಲ್ಲಿ. ಅತ್ತೆ ಕಿರಿಯ ಮಗಳ ಬಾಣಂತನಕ್ಕೆಂದು ಹಾಸನಕ್ಕೆ ಹೋಗಿದ್ದರಿಂದ, ಅವರು ಮರಳುವವರೆಗೆ ಮಾವ ಒಬ್ಬರೇ ಇರುವುದು ಬೇಡವೆಂದು ಲತಾ ಕರೆತಂದಿದ್ದಳು. ಮಾವ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತೊಂದು ವರ್ಷ ದುಡಿದವರು. ಹಿಂದಿನ ವರ್ಷ ಆ ವಿಭಾಗವನ್ನೇ ಮುಚ್ಚಿ ಎಲ್ಲರಿಗೂ ಸ್ವಯಂನಿವೃತ್ತಿ ಕೊಟ್ಟಿದ್ದರು. ಮೊದಲೇ ಮಿತಭಾಷಿ, ಆಮೇಲೆ ಅದೂ ಇಲ್ಲ. ಬೆಳಿಗ್ಗೆ ಆರೂವರೆಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಗಡಿಯಾರ ಕಟ್ಟಿ, ಬಾಲ್ಕನಿಯ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಕಾರ್ಖಾನೆಯ ಬಸ್ಸು ಬರುತ್ತಿದ್ದ ಹೊತ್ತು ಅದು. ಮದುವೆಯಾಗಿ ಎಂಟು ವರ್ಷವಾಗಿದ್ದರೂ ನನ್ನೊಡನೆ ಅವರ ಸಂಭಾಷಣೆ “ಊಟ ಆಯ್ತಾ?” ಎಂಬುದನ್ನು ದಾಟಿರಲಿಲ್ಲ. ನಾನೂ “ಆಯ್ತು, ನಿಮ್ದು?” ಎಂದು ಹೇಳಿ ಜಾಗ ಖಾಲಿ ಮಾಡುತ್ತಿದ್ದೆ. ಲತಾ ಒಂದು ದಿನ ಅಡುಗೆಮನೆಯಲ್ಲಿ ದನಿ ತಗ್ಗಿಸಿ, “ಅಪ್ಪ ಮನೇಲಿದ್ದಾರೆ ಅಂತಲೇ ಗೊತ್ತಾಗಲ್ಲ ರೀ, ನಂಗೆ ಅದೇ ಭಯ” ಎಂದಳು. ನಾನು ಏನಾದರೂ ಮಾಡೋಣ ಎಂದೆ. ಏನು ಎಂದು ಅವಳು ಕೇಳಲಿಲ್ಲ, ಪುಣ್ಯ.

ಡಬ್ಬಿ ತೆರೆದದ್ದು ಭಾನುವಾರ ತಿಂಡಿಯಾದ ಮೇಲೆ. ಮೊದಲ ಕಡ್ಡಿಯನ್ನು ಎತ್ತಿ ನೋಡಿದೆ. ಬಾಗಿಲುಗಳ ಸುತ್ತ ದೋಸೆಯ ಅಂಚಿನ ಗರಿಯಂಥ ತೆಳು ಪ್ಲಾಸ್ಟಿಕ್ ಹೊರಬಂದಿತ್ತು. ಚಕ್ರದ ಬೋಲ್ಟುಗಳು ಕರಗಿದ ಬೆಲ್ಲದಂತಿದ್ದವು. ಲಾರಿಯ ಬೆನ್ನೆಲುಬಾದ ಚಾಸಿಯನ್ನು ಮೇಜಿನ ಮೇಲಿಟ್ಟರೆ ತೊಟ್ಟಿಲಿನಂತೆ ತೂಗುತ್ತಿತ್ತು. ಅಂಗಡಿಗೆ ಫೋನ್ ಮಾಡಿದೆ. ಅವರು ಶಾಂತವಾಗಿ, ಡಬ್ಬಿಯಂತೂ ಹೊಸದೇ ಸಾರ್ ಎಂದರು. ನಾನು ಫೋನಿಟ್ಟು, ಹೊಸ ಅಚ್ಚು ಎಂದು ಹೇಳಿ ಹಳೆಯದನ್ನು ಕೊಟ್ಟರು, ಮೋಸ, ಇದನ್ನು ತಿಪ್ಪೆಗೆ ಹಾಕಬೇಕು ಎಂದು ಮೇಜಿನ ಮುಂದೆ ನಿಂತು ಭಾಷಣ ಮಾಡುತ್ತಿದ್ದೆ. ಬಾಲ್ಕನಿಯ ಕುರ್ಚಿ ಸರಿದ ಸದ್ದಾಯಿತು. ಮಾವ ಬಂದು ಕೈ ಚಾಚಿದರು. ನಾನು ಚಾಸಿಯನ್ನು ಕೊಟ್ಟೆ.

ಕನ್ನಡಕವನ್ನು ಹಣೆಗೆ ಏರಿಸಿ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಉಗುರಿನಿಂದ ಒಂದು ಕಡೆ ಮೆಲ್ಲಗೆ ಗೀರಿದರು.

“ಈ ಡೈಗೆ ಮೂವತ್ತು ವರ್ಷ ಆಗಿರ್ಬೇಕು” ಎಂದರು. ಅಚ್ಚಿಗೆ ಅವರ ಬಾಯಲ್ಲಿ ಡೈ ಎಂದೇ ಹೆಸರು; ಟೂಲ್ ರೂಮಿನಲ್ಲಿ ಅವರು ಕೊರೆಯುತ್ತಿದ್ದದ್ದು ಅದನ್ನೇ. “ಇಲ್ಲಿ ನೋಡಿ, ಚೌಕಾಕಾರದಲ್ಲಿ ನುಣ್ಣಗಿದೆ. ಡೈನಲ್ಲಿ ಈ ಜಾಗಕ್ಕೆ ಇಸವಿ ಕೊರೆದಿದ್ರು. ಬೆಸುಗೆ ತುಂಬಿ, ಉಜ್ಜಿ ಅಳಿಸಿದ್ದಾರೆ.”

ನಾನು ನೋಡಿದೆ. ಹೆಬ್ಬೆರಳಿನ ಉಗುರಿನಷ್ಟು ಜಾಗ ಬೋಳಾಗಿತ್ತು. ನಾನು ಗೆದ್ದವನಂತೆ, ನೋಡಿದ್ರಾ ಮಾವ, ಮೋಸ ಅಂತ ನಾನು ಹೇಳಲಿಲ್ವಾ ಎಂದೆ. ಅವರಿಗೆ ಮೋಸದಲ್ಲಿ ಆಸಕ್ತಿಯಿರಲಿಲ್ಲ. ಬೆಸುಗೆ ಅಷ್ಟು ಸಮವಾಗಿ ಉಜ್ಜಿದವನ ಕೈಯಲ್ಲಿ ಅವರಿಗೆ ಆಸಕ್ತಿ. ಬಾನೆಟ್ಟಿನ ಮೇಲಿದ್ದ ಕೂದಲೆಳೆಯಂಥ ಉಬ್ಬುಗೆರೆ ತೋರಿಸಿ, ಡೈನಲ್ಲಿ ಗೀರಿದ್ದರೆ ಮಾಲಿನಲ್ಲಿ ಉಬ್ಬಾಗಿ ಬರುತ್ತದೆ, ಯಾರೋ ಇದನ್ನು ಎತ್ತುವಾಗ ಬೀಳಿಸಿದ್ದಾರೆ, ಬಿದ್ದಮೇಲೆ ಇನ್ನೊಬ್ಬ ಕೂತು ರಿಪೇರಿ ಮಾಡಿದ್ದಾನೆ, ಮೊದಲು ಕೊರೆದವನ ಕೈಯೇ ಬೇರೆ, ಇವನ ಕೈಯೇ ಬೇರೆ ಎಂದರು. ಎಂಟು ವರ್ಷದಲ್ಲಿ ನಾನು ಅವರಿಂದ ಕೇಳಿದ್ದ ಒಟ್ಟು ಮಾತು ಅಷ್ಟಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಲತಾ ಸೌಟು ಹಿಡಿದು ನಿಂತಿದ್ದಳು, ಸಾರು ಉಕ್ಕುತ್ತಿತ್ತು.

“ಎಸೀಬೇಡಿ, ರೆಡಿ ಮಾಡೋಣ” ಎಂದರು ಮಾವ.

ಮರುದಿನ ಅವರು ಇಟ್ಟಮಡುವಿಗೆ ಹೋಗಿ, ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಮ್ಮ ಸಣ್ಣ ಅರಗಳನ್ನೂ ಒಂದು ಪುಟ್ಟ ಮೂಲೆಮಟ್ಟವನ್ನೂ ತಂದರು. ಆರೂವರೆಗೆ ಸ್ನಾನ, ಇಸ್ತ್ರಿ ಅಂಗಿ, ಗಡಿಯಾರ ಎಲ್ಲ ಹಿಂದಿನಂತೆಯೇ. ಆದರೆ ಈಗ ಬಾಲ್ಕನಿಗೆ ಹೋಗದೆ ನೇರ ಊಟದ ಮೇಜಿಗೆ ಬರುತ್ತಿದ್ದರು. ಹನ್ನೆರಡೂವರೆಗೆ ಊಟ, ನಾಲ್ಕಕ್ಕೆ ಕಾಫಿ, ಐದಕ್ಕೆ ಕೆಲಸ ಬಂದ್. ನಾನು ಕಚೇರಿಯಿಂದ ಬಂದು ದಿನದ ಪ್ರಗತಿ ನೋಡಬೇಕು. ಭಾನುವಾರ ಮಾತ್ರ ನನಗೂ ಕೆಲಸ: ಉಪ್ಪುಕಾಗದದಲ್ಲಿ ಗರಿ ಉಜ್ಜುವುದು. ಹೀಗೆ ಒಂದೇ ಕಡೆ ಒತ್ತಬೇಡಿ, ಹಾಗೆ ಅವಸರ ಮಾಡಬೇಡಿ ಎಂದು ಅವರು ತಿದ್ದುತ್ತಿದ್ದರು. ಕಿಟ್ಟು ನನ್ನದು ಎಂಬುದು ಇಬ್ಬರಿಗೂ ಮರೆತುಹೋಯಿತು.

ಅಂಥದೇ ಒಂದು ಭಾನುವಾರ ಲತಾ ಚಟ್ನಿ ರುಬ್ಬುತ್ತಿದ್ದಳು. ಮಾವ ಅರ ಕೆಳಗಿಟ್ಟು, “ಆ ಮಿಕ್ಸಿ ಮುಚ್ಚಳದ ಡೈ ನಂದು” ಎಂದರು.

ನಾವಿಬ್ಬರೂ ಅವರ ಮುಖ ನೋಡಿದೆವು. ಎಂಟು ವರ್ಷದಿಂದ ಮನೆಯಲ್ಲಿದ್ದ ಮಿಕ್ಸಿ ಅದು, ನಮ್ಮ ಮದುವೆಗೆ ಯಾರೋ ಕೊಟ್ಟದ್ದು. ಮಾವ ಎದ್ದು ಹೋಗಿ ಮುಚ್ಚಳ ತಂದು ಅದರ ಅಂಚಿನ ಹತ್ತಿರ ಸಾಸಿವೆ ಕಾಳಿನಷ್ಟಿದ್ದ ಒಂದು ಉಬ್ಬು ತೋರಿಸಿದರು. ಕೊರೆಯುವಾಗ ಅವರ ಕೈ ಒಂದು ಕ್ಷಣ ಜಾರಿತ್ತಂತೆ. ಸರಿ ಮಾಡಿಕೊಡುತ್ತೇನೆ ಎಂದು ಮೇಲಿನವರನ್ನು ಕೇಳಿದರೆ, ಹೆಂಗಸರು ಚಟ್ನಿ ರುಬ್ಬುವಾಗ ಇದನ್ನೆಲ್ಲ ನೋಡುತ್ತಾರೇನ್ರೀ ಎಂದು ಹಾಗೆಯೇ ಉತ್ಪಾದನೆಗೆ ಕಳಿಸಿದರಂತೆ. ಆಮೇಲೆ ಯಾರ ಮನೆಗೆ ಹೋದರೂ, ನೀರು ಕುಡಿಯಲು ಅಡುಗೆಮನೆ ಕಡೆ ಹೋದರೂ, ಆ ಉಬ್ಬು ಇವರನ್ನು ನೋಡುತ್ತಿತ್ತು. ನಮ್ಮ ಮನೆಗೆ ಬಂದಾಗಲೆಲ್ಲ ಮಾವ ಅಡುಗೆಮನೆಗೆ ಬೆನ್ನು ಹಾಕಿ ಕೂರುತ್ತಿದ್ದದ್ದು ನನ್ನ ಮೇಲಿನ ಅಸಮಾಧಾನದಿಂದ ಎಂದು ನಾನು ತಿಳಿದಿದ್ದೆ.

ಲತಾ ಮುಚ್ಚಳವನ್ನು ಇಸಿದುಕೊಂಡು ಆ ಉಬ್ಬಿನ ಮೇಲೆ ಹೆಬ್ಬೆರಳಿಟ್ಟಳು.

“ಇದು ಗುರುತಿಗೆ ಅಂತಲೇ ಇಟ್ಟಿದ್ದಾರೆ ಅಂದ್ಕೊಂಡಿದ್ದೆ ಅಪ್ಪ” ಎಂದಳು. “ಇದು ಹಿಡಿ ಕಡೆ ಬಂದ್ರೆ ಮುಚ್ಚಳ ಸರಿಯಾಗಿ ಕೂತಿದೆ ಅಂತ ಅರ್ಥ. ಕರೆಂಟ್ ಹೋದಾಗ್ಲೂ ಬೆರಳಲ್ಲೇ ಗೊತ್ತಾಗುತ್ತೆ. ನಾನು ದಿನಾ ಇದನ್ನ ನೋಡ್ಕೊಂಡೇ ಮುಚ್ಚೋದು.”

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಅದು ಕೊಳೆಯಾಗಿರಲಿಲ್ಲ. ಆವತ್ತು ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡರು.

ಲಾರಿ ಮುಗಿಯಲು ಎರಡು ತಿಂಗಳಾಯಿತು. ಇಟ್ಟಿಗೆ ಬಣ್ಣದ, ಮೂತಿ ಮುಂದಿದ್ದ ಲಾರಿ. ನಿಂತರೆ ಆರೂ ಚಕ್ರ ನೆಲ ಮುಟ್ಟುತ್ತಿದ್ದವು. ಬಂದವರಿಗೆಲ್ಲ ಲತಾ ಅದನ್ನು ತಾನಾಗಿ ತೋರಿಸತೊಡಗಿದಳು. ನಾನು ಹೆಮ್ಮೆಯಿಂದ, ಗರಿ ಉಜ್ಜಿದ್ದು ನಾನು ಎನ್ನುತ್ತಿದ್ದೆ. ಗರಿ ಎಲ್ಲಿದೆ ಎಂದು ಅವರು ಕೇಳುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಅಂಗಡಿಯವರು ಫೋನ್ ಮಾಡಿ, ಈ ಸಲ ನಿಜವಾಗಿಯೂ ಹೊಸ ಅಚ್ಚಿನದು ಬಂದಿದೆ ಎಂದರು. ತಂದೆ. ನಿಜವಾಗಿಯೂ ಹೊಸದೇ. ಬೋಲ್ಟುಗಳನ್ನು ಎಣಿಸಬಹುದಿತ್ತು, ಗರಿಯ ಸುಳಿವೇ ಇರಲಿಲ್ಲ, ಒಂದು ಚೂರನ್ನು ಇನ್ನೊಂದರ ಹತ್ತಿರ ಹಿಡಿದರೆ ತಾವಾಗಿ ಟಕ್ಕೆಂದು ಕೂರುತ್ತಿದ್ದವು. ನಾನು ಜೀವಮಾನವಿಡೀ ಹಂಬಲಿಸಿದ್ದ ಕಿಟ್ಟು. ಮಾವನ ಕೈಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ ನೋಡಿ, “ಚೆನ್ನಾಗಿ ಮಾಡಿದ್ದಾರೆ” ಎಂದು ವಾಪಸು ಕೊಟ್ಟರು. ಆಮೇಲೆ ಮೇಜಿನ ಮೇಲಿನ ಅರಗಳನ್ನು ಒಂದೊಂದಾಗಿ ಒರೆಸಿ, ಹಳದಿ ಬಟ್ಟೆಯಲ್ಲಿ ಸುತ್ತಿ, ಬಾಲ್ಕನಿಗೆ ಹೋಗಿ ಕೂತರು. ಮಧ್ಯಾಹ್ನ ನನ್ನನ್ನು ನೋಡಿ “ಊಟ ಆಯ್ತಾ?” ಎಂದರು.

ಒಂದು ವಾರ ಹೀಗೇ ನಡೆಯಿತು. ಮುಂದಿನ ಭಾನುವಾರ ಅವರು ಸ್ನಾನಕ್ಕೆ ಹೋದಾಗ ನಾನು ಒಂದು ನಿರ್ಧಾರಕ್ಕೆ ಬಂದೆ. ಹೊಸ ಲಾರಿಯ ಚಾಸಿಯನ್ನು ಕಡ್ಡಿಯಿಂದ ಬಿಡಿಸಿ, ಹಾಲಿನ ಪಾತ್ರೆಯಲ್ಲಿ ನೀರು ಕುದಿಸಿ, ಅದರಲ್ಲಿ ಅದ್ದಿ, ಎರಡೂ ತುದಿ ಹಿಡಿದು ಒಂದು ತಿರುಚು ತಿರುಚಿದೆ. ಕೈ ಸುಟ್ಟಿತು. ವರ್ಷಗಟ್ಟಲೆ ಕಾದ ವಸ್ತುವನ್ನು ನಾನೇ ಸೊಟ್ಟ ಮಾಡುತ್ತಿದ್ದೆ. ಬಾಗಿಲಲ್ಲಿ ನಿಂತಿದ್ದ ಲತಾ ನನ್ನನ್ನೂ ಪಾತ್ರೆಯನ್ನೂ ನೋಡಿದಳು. ಹಾಲಿನ ಪಾತ್ರೆ ಮುಟ್ಟಿದ್ದಕ್ಕೆ ಬಯ್ಯಬೇಕಿತ್ತು, ಬಯ್ಯಲಿಲ್ಲ. ಒಲೆಯ ಉರಿ ತಗ್ಗಿಸಿ ಹೋದಳು.

ಸ್ನಾನ ಮುಗಿಸಿ ಬಂದ ಮಾವನಿಗೆ ನಾನು ದೂರು ಸಲ್ಲಿಸಿದೆ: ಹೊಸ ಅಚ್ಚು ಎಂದು ಹೊಗಳಿದ್ದೇ ಬಂತು, ಚಾಸಿ ನೋಡಿ ಹೇಗಿದೆ. ಅವರು ಚಾಸಿಯನ್ನು ನೋಡಿದರು. ಅದು ಇದ್ದ ಕಡ್ಡಿಯನ್ನು ಡಬ್ಬಿಯಿಂದ ತೆಗೆದು ನೋಡಿದರು. ಕಡ್ಡಿ ನೂಲು ಹಿಡಿದಂತೆ ನೇರವಾಗಿತ್ತು. ನನ್ನ ಕೆಂಪಾದ ಬೆರಳುಗಳನ್ನೂ ನೋಡಿದರು.

“ನೀರು ಕುದಿಸಿದ್ದು ಯಾವ ಪಾತ್ರೇಲಿ?” ಎಂದು ಮೆಲ್ಲಗೆ ಕೇಳಿದರು.

ಹಾಲಿನದರಲ್ಲಿ ಎಂದೆ.

ಚಾಸಿಯನ್ನು ಮೇಜಿನ ಮೇಲಿಟ್ಟು, “ಇನ್ನೊಂದ್ಸಲ ಮಾಡೋ ಹಾಗಿದ್ರೆ ಕಡ್ಡಿ ಸಮೇತ ಬಗ್ಗಿಸಿ” ಎಂದರು. “ಅರ್ಧಂಬರ್ಧ ಕೆಲಸ ಮಾಡ್ಬಾರ್ದು.”

ಹಳದಿ ಬಟ್ಟೆ ಮತ್ತೆ ಬಿಚ್ಚಿಕೊಂಡಿತು. ಚಾಸಿ ನೇರವಾಗಲು ಮೂರು ಭಾನುವಾರ ಬೇಕಾಯಿತು. ಅಷ್ಟು ದಿನ ಬೇಕಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ; ಆಗ ಇಬ್ಬರೂ ಆ ಮಾತು ಎತ್ತಲಿಲ್ಲ.

ಅತ್ತೆ ಹಾಸನದಿಂದ ಬಂದ ಮೇಲೆ ಮಾವ ಇಟ್ಟಮಡುವಿಗೆ ವಾಪಸಾದರು. ನಾನು ಜಯನಗರದ ಅಂಗಡಿಗೆ ಹೋಗಿ, ನಿಮ್ಮಲ್ಲಿರುವುದರಲ್ಲಿ ಅತ್ಯಂತ ಹಳೆಯ, ಸವೆದ ಅಚ್ಚಿನ ಮರುಬಿಡುಗಡೆ ಯಾವುದು ಎಂದು ಕೇಳಿದೆ. ಅಂಗಡಿಯವರು ನಾನು ಜಗಳಕ್ಕೆ ಬಂದಿದ್ದೇನೆಂದು ತಿಳಿದು ಕುರ್ಚಿ ಹಾಕಿಕೊಟ್ಟರು. ಅವರಿಗೆ ಅರ್ಥ ಮಾಡಿಸಿ, ಒಂದು ಡಬ್ಬಿ ಹಿಡಿದು ಇಟ್ಟಮಡುವಿಗೆ ಹೋದಾಗ, ಮಾವ ಜಗುಲಿಯಲ್ಲಿ ಮೇಜು ಹಾಕಿಕೊಂಡು ಕಾಯುತ್ತಿದ್ದರು. ಪಕ್ಕದ ಮನೆಯ ಹಿರಿಯರೊಬ್ಬರು ಪೇಪರ್ ಓದುತ್ತ ಅಲ್ಲೇ ಕೂತಿದ್ದರು. ಮಾವ ಮೊದಲ ಬಾರಿಗೆ ನನ್ನನ್ನು ಇನ್ನೊಬ್ಬರಿಗೆ ಪರಿಚಯ ಮಾಡಿಸಿದರು: “ನಮ್ಮ ಅಳಿಯಂದ್ರು. ಲಾರಿ ಕೆಲಸ ಕಲೀತಿದ್ದಾರೆ.”

ಆ ಹಿರಿಯರು ನನ್ನ ನರೆತ ಕೂದಲನ್ನು ಮರುಕದಿಂದ ನೋಡಿ, ವಸಂತಪುರದಲ್ಲಿ ತಮ್ಮ ಭಾವಮೈದುನನದೊಂದು ಗ್ಯಾರೇಜಿದೆ, ಅಲ್ಲಿ ಒಬ್ಬರು ಬೇಕಾಗಿದ್ದಾರೆ, ಹೇಳಿನೋಡಲೇ ಎಂದರು. ನನಗೆ ವಿಮಾ ಕಚೇರಿಯಲ್ಲಿ ಖಾಯಂ ನೌಕರಿಯಿದೆ, ಎರಡು ಬಡ್ತಿಯಾಗಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ತಲೆಯೆತ್ತದೆ, “ಈಗ್ಲೇ ಬೇಡ, ಕೈ ಇನ್ನೂ ಕೂತಿಲ್ಲ” ಎಂದರು. “ಇನ್ನೊಂದೆರಡು ವರ್ಷ ನನ್ನ ಹತ್ರಾನೇ ಇರ್ಲಿ.”

ನಾನು ತೆರೆದ ಬಾಯಿ ಮುಚ್ಚಿ, ಉಪ್ಪುಕಾಗದ ಕೈಗೆತ್ತಿಕೊಂಡೆ.